ಹುಕ್ಕೇರಿಗೆ ಹೋದ ಎರಡು ಕೋಳಿ

ಗೋಕಾಕದಲ್ಲಿ ಬೆಳಗಿನ ಮೂಡಲಗಿ ಬಸ್ಸು ಹತ್ತಿದೆ. ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಪಡೆದು, ಮಾಸ್ಕು, ಕೈಗವಸುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಕಲ್ಲೋಳಿಯ ಆಚೆಯ ಒಂದು ಫಾರ್ಮಿನಲ್ಲಿ ಹಕ್ಕಿಜ್ವರ ಖಚಿತವಾಗಿತ್ತು. ಕೋಳಿಗಳನ್ನು ಕೊಂದು ಹೂಳುವವರಿಗೆ ರಕ್ಷಣಾ ಉಡುಪು ತೊಡುವುದನ್ನೂ, ಅದಕ್ಕಿಂತ ಮುಖ್ಯವಾಗಿ ಕಳಚುವುದನ್ನೂ ಕಲಿಸುವುದು ನನ್ನ ಕೆಲಸ.

ಶೆಡ್ಡಿನ ವಾಸನೆ ರಸ್ತೆಯವರೆಗೆ ಬಂದಿತ್ತು. ಜೆಸಿಬಿ ಗುಂಡಿ ತೋಡುತ್ತಿತ್ತು. ಕೈಗವಸನ್ನು ಒಳಮೈ ಹೊರಗಾಗುವಂತೆ ಕಳಚಿ, ಮಾಸ್ಕನ್ನು ಕೊನೆಗೆ ತೆಗೆದು ಕೈ ತೊಳೆಯಿರಿ, ಜ್ವರ ಬಂದರೆ ಮುಚ್ಚಿಡಬೇಡಿ ಎಂದೆ. ಒಬ್ಬ ಸೆಕೆ ತಾಳದೆ ಮಾಸ್ಕನ್ನು ಗದ್ದಕ್ಕಿಳಿಸಿದ. ಹಳೆಯ ಕೆಲಸಗಾರ್ತಿ ಹುಸೇನಬಿ, "ಗದ್ದಕ್ಕ ಜ್ವರಾ ಬರ್ತೈತೇನೋ ಬಸ್ಯಾ? ಮ್ಯಾಲ ಏರಸು" ಎಂದರು. ಎಲ್ಲರೂ ನಕ್ಕರು.

ಮನೆಗೆ ಕೋಳಿ ಒಯ್ದವರಿದ್ದೀರಾ ಎಂದು ಕೇಳಿದಾಗ ನಗು ನಿಂತಿತು. ಮಂಕಾದ ಕೋಳಿಯನ್ನು ಕೆಲಸದವರಿಗೆ ಕೊಡುವುದು ಅಲ್ಲಿನ ರೂಢಿ. ಹುಸೇನಬಿ ನನ್ನನ್ನು ಬದಿಗೆ ಕರೆದರು. ಹಿಂದಿನ ವಾರ ಅಂಥ ಎರಡು ಕೋಳಿಗಳನ್ನು ಹುಕ್ಕೇರಿಯ ಮಗಳ ಮನೆಗೆ ಜೀವಂತ ಒಯ್ದಿದ್ದರು. ಮಗಳು ರೇಷ್ಮಾ ಬಾಣಂತಿ, ನಿನ್ನೆಯಿಂದ ಜ್ವರ.

"ಸಾರು ಕುಡದರ ಹಾಲು ಬರ್ತೈತಿ ಅಂತ ಒಯ್ದೆ ಬಾಯಾರ."

ಚೆನ್ನಾಗಿ ಬೇಯಿಸಿದ ಸಾರಿನಿಂದ ಭಯವಿಲ್ಲ, ಕೊಯ್ದು ಪುಕ್ಕ ಕೀಳುವಾಗಲೇ ಅಪಾಯ ಎಂದೆ. ಕೊಯ್ದಿದ್ದು ಅಳಿಯ. ಪುಕ್ಕ ಕಿತ್ತವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. "ಅಕಿ ಅತ್ತಿ ಇರಬೇಕ್ರಿ" ಎಂದರು. ತಾವೂ ಬರುತ್ತೇನೆಂದು ಹಟ ಹಿಡಿದರು. ಫಾರ್ಮಿನ ಕೋಳಿ ಮುಟ್ಟಿದವರು ಕೂಸಿನ ಹತ್ತಿರ ಹೋಗುವಂತಿಲ್ಲ ಎಂದು ಆರೋಗ್ಯ ಇಲಾಖೆಯವರು ಅವರಿಗೆ ಗುಳಿಗೆ ಕೊಟ್ಟು ಅಲ್ಲೇ ಉಳಿಸಿದರು.

ನಾನು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಇಲಾಖೆಯ ವೈದ್ಯರೊಂದಿಗೆ ಜೀಪಿನಲ್ಲಿ ಹೊರಟೆ. ಘಟಪ್ರಭಾದಲ್ಲಿ ಚಹಾ ಕುಡಿದೆವು. ಯಾರಿಗೂ ತಿನ್ನುವ ಮನಸ್ಸಿರಲಿಲ್ಲ. ಹುಕ್ಕೇರಿ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು.

ರೇಷ್ಮಾ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಒಂದೇ ಸಮನೆ ಕೆಮ್ಮು. ವೈದ್ಯರು ಮೂಗಿನಿಂದ ಮಾದರಿ ತೆಗೆದರು. ಅತ್ತೆ ಅಂದು ಊರಲ್ಲಿರಲಿಲ್ಲವಂತೆ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪುಕ್ಕ ಕಿತ್ತವಳು ಅವಳೇ. ವೈದ್ಯರು ಅದನ್ನು ಬರೆದುಕೊಂಡು, ಬೆಳಗಾವಿಗೆ ಒಯ್ಯಲು ಆಂಬುಲೆನ್ಸ್ ಕರೆಸಿದರು. ಕೂಸಿಗೆ ಜ್ವರವಿರಲಿಲ್ಲ. ಅದನ್ನು ಬೇರೆ ಗಾಡಿಯಲ್ಲಿ ಕಳಿಸುವುದೆಂದಾಯಿತು.

ಆಂಬುಲೆನ್ಸ್ ಏರುವ ಮುಂಚೆ ರೇಷ್ಮಾ ನನ್ನ ಕಡೆ ತಿರುಗಿದಳು. "ಅಮ್ಮಾಗ ಹೇಳಬ್ಯಾಡ್ರಿ. ಅತ್ತಿ ಕಿತ್ತಾರ ಅನ್ರಿ."

ಸಂಜೆ ಗೋಕಾಕದ ಬಸ್ಸಿನಲ್ಲಿದ್ದೆ. ಧುಪದಾಳದ ಬಳಿ ಹುಸೇನಬಿಯವರ ಫೋನ್ ಬಂತು. ಮಗಳನ್ನು ಬೆಳಗಾವಿಗೆ ಒಯ್ದದ್ದು ಅವರಿಗೆ ಆಗಲೇ ತಿಳಿದಿತ್ತು. ಪುಕ್ಕ ಕಿತ್ತವರು ಯಾರು ಎಂದಷ್ಟೇ ಕೇಳಿದರು.

"ವರದಿ ಬರಲಿ" ಎಂದೆ.

"ಹಂಗಾರ ರೇಷ್ಮಾನ ಕಿತ್ತಾಳ" ಎಂದು ಫೋನ್ ಇಟ್ಟರು.