ಕಾಶಕ್ಕನ ಒಂದು ದಿನದ ಹೈದರಾಬಾದ್

ಕಾಶಕ್ಕ ತಾನು ಮಾಡಿದ ಅಡುಗೆಯನ್ನು ರುಚಿ ನೋಡಿದ್ದನ್ನು ಯಾರೂ ಕಂಡಿಲ್ಲ. ಹುಮನಾಬಾದ್ ಸುತ್ತಿನ ಲಗ್ನಗಳಲ್ಲಿ ಎಂಟುನೂರು, ಸಾವಿರ ಮಂದಿಗೆ ಅವಳು ಬ್ಯಾಳಿ, ಎಂದರೆ ಬೇಳೆಸಾರು, ಕುದಿಸುತ್ತಿದ್ದಳು. ದೇವರಿಗೆ ನೈವೇದ್ಯ ಹೋಗುವ ತನಕ ಅಡುಗೆ ಮೀಸಲು, ಅದಕ್ಕೆ ನಾಲಿಗೆ ತಾಕಿಸುವಂತಿಲ್ಲ. ಹಾಗಾಗಿ ಎಲ್ಲ ಭಾರ ಮೂಗಿನ ಮೇಲೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಂಡೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಹಬೆ ಎಳೆದುಕೊಳ್ಳುವಳು. ಎದುರಿಗೆ ಅವಳ ಕೈಕೆಳಗಿನ ಸುಭದ್ರಾ ಉಪ್ಪಿನ ಬೋಗುಣಿ ಹಿಡಿದು ನಿಂತಿರುತ್ತಿದ್ದಳು. ಕಾಶಕ್ಕ ಒಮ್ಮೆ ತಲೆ ಆಡಿಸಿದರೆ ಒಂದು ಮುಷ್ಟಿ ಉಪ್ಪು. ಅಂಗೈ ಎತ್ತಿದರೆ ಸಾಕು ಎಂದು ಅರ್ಥ.

ಈ ಕಸಬಿಗೆ ಆಗ ನಾನು ಹೊಸಬ. ಹುಮನಾಬಾದಿನಲ್ಲಿ ಫೋಟೋ ಸ್ಟುಡಿಯೋ ಇಟ್ಟು ಲಗ್ನಗಳ ಫೋಟೋ, ವಿಡಿಯೋ ಮಾಡಲು ಶುರು ಮಾಡಿದ್ದೆ. ಮೊದಲ ಸಲ ಅವಳು ಕಣ್ಣು ಮುಚ್ಚಿ ನಿಂತದ್ದನ್ನು ಕಂಡು ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡು ಕ್ಯಾಮೆರಾ ಎತ್ತಿದೆ. ಕಣ್ಣು ತೆರೆಯದೆಯೇ ಹೇಳಿದಳು: "ಏ ಫೋಟೋದಾಂವ, ನಾ ಇಲ್ಲಿ ಉಪ್ಪು ಕೇಳಾಕತ್ತೇನಿ. ಸಪ್ಪಳ ಮಾಡಬ್ಯಾಡ." ಕ್ಯಾಮೆರಾದ ಸಪ್ಪಳಕ್ಕೂ ಮೂಗಿಗೂ ಏನು ಸಂಬಂಧವೋ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಕ್ಯಾಮೆರಾ ಇಳಿಸಿದೆ.

ಅವಳು ಹುಡಗಿ ಎಂಬ ಊರಿನವಳು. ಹುಮನಾಬಾದಿಗೆ ಬಂದು ಇಪ್ಪತ್ತೈದು ವರ್ಷವಾಗಿತ್ತು. ಕುಳ್ಳ ದೇಹ, ದೊಡ್ಡ ದನಿ, ಹಣೆಯ ತುಂಬ ವಿಭೂತಿ. ಎಡಗೈ ಮೇಲೆ ಎಣ್ಣೆ ಸಿಡಿದ ಕಲೆಗಳಿದ್ದವು. ಅವುಗಳಲ್ಲಿ ಯಾವುದು ಯಾರ ಮನೆಯ ಲಗ್ನದ್ದು ಎಂದು ಬೊಟ್ಟು ಮಾಡಿ ಹೇಳುತ್ತಿದ್ದಳು. ಹೊಗಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ಉಂಡವರು ಸುಮ್ಮ ಎದ್ದ ಹೋದ್ರ ಅಡಗಿ ಬರೋಬರ್ ಆಗ್ಯಾದಂತ ತಿಳಿ. ಮಾತಾಡಾಕತ್ರ ಎಲ್ಲೋ ತಪ್ಪ್ಯಾದ" ಎನ್ನುವುದು ಅವಳ ಲೆಕ್ಕ.

ವರ್ಷಕ್ಕೊಂದು ದಿನ ಹೈದರಾಬಾದಿಗೆ ಹೋಗುವ ಪದ್ಧತಿ ಹಾಕಿದವಳೂ ಅವಳೇ. ಗಣಪತಿ ನೀರಿಗೆ ಹೋದ ಮೇಲೆ, ದಸರೆಗೆ ಮುಂಚೆ, ಪಿತೃಪಕ್ಷದ ಹದಿನೈದು ದಿನ ಲಗ್ನವಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ಊರಿನವರು ಸತ್ತ ಹಿರಿಯರಿಗೆ ಎಡೆ ಇಡುವುದರಲ್ಲಿ ಇರುತ್ತಾರೆ. ಲಗ್ನವನ್ನೇ ನಂಬಿದ ನಮ್ಮಂಥವರಿಗೆ ಕೈಯಲ್ಲಿ ಕೆಲಸವಿರುವುದಿಲ್ಲ. ಶಾಮಿಯಾನಾ ಹಾಕುವ ಗೌಸ್ ಮಿಯಾ, ಬ್ಯಾಂಡಿನವರು, ಹೂವಿನವರು, ಕಾಶಕ್ಕನ ಅಡುಗೆಯ ಹೆಂಗಸರು, ನಾನು, ಎಲ್ಲರೂ ಖಾಲಿ. "ಮಂದಿ ಮಜಾ ಮಾಡೂ ದಿನ ನಾವು ದುಡೀತೀವಿ. ಮಂದಿ ಮಾರಿ ಸಣ್ಣ ಮಾಡ್ಕೊಂಡ ಕುಂತಾಗ ನಮಗ ಫುರಸತ್. ಅವಾಗರ ಮಜಾ ಮಾಡೂನು ಬರ್ರಿ" ಎಂದು ಮೊದಲ ವರ್ಷ ನಮ್ಮನ್ನೆಲ್ಲ ಬಾಡಿಗೆಯ ಕ್ರೂಸರ್ ಗಾಡಿಗೆ ಹತ್ತಿಸಿದ್ದಳು.

ಅದಕ್ಕೊಂದು ಕಾಯಿದೆಯೂ ಇತ್ತು. ಆ ದಿನ ಯಾರೂ ತಮ್ಮ ಕಸಬಿಗೆ ಕೈ ಹಚ್ಚುವಂತಿಲ್ಲ. ಬ್ಯಾಂಡಿನವರು ಸೀಟಿ ಕೂಡ ಹೊಡೆಯಬಾರದು. ಮೊಬೈಲಿನಲ್ಲಿ ಯಾರು ಬೇಕಾದರೂ ಫೋಟೋ ತೆಗೆಯಲಿ, ನಾನು ಮಾತ್ರ ತೆಗೆಯಬಾರದು. ತಪ್ಪಿದವರು ದಿನವಿಡೀ ಎಲ್ಲರ ಚೀಲ ಹೊರಬೇಕು. ಒಂದು ವರ್ಷ ಗೋಲ್ಕೊಂಡದ ಹೊರಗೆ ಯಾರದೋ ಪೆಂಡಾಲಿನ ಹಗ್ಗ ಸಡಿಲವಾಗಿದ್ದನ್ನು ಕಂಡು ಗೌಸ್ ಮಿಯಾ ತಡೆಯಲಾಗದೆ ಬಿಗಿಮಾಡಿಬಿಟ್ಟ. "ಅಕ್ಕಾ, ಕೈ ತಾನ ಹೋತ್ರಿ, ಖಸಮ್ ಸೆ" ಎಂದು ಆಣೆ ಮಾಡಿ ಎಷ್ಟು ಹೇಳಿದರೂ ಕಾಶಕ್ಕ ಬಿಡಲಿಲ್ಲ. ಸಂಜೆಯ ತನಕ ಹನ್ನೊಂದು ಚೀಲ ಹೊತ್ತ.

ಬೆಳಿಗ್ಗೆ ಹೊರಟರೆ ಮನ್ನಾಏಖೇಳ್ಳಿಯಲ್ಲಿ ಚಹಾ. ಜಹೀರಾಬಾದ್ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ತಂಗಡಿ ಹೂ ಹಳದಿಯಾಗಿ ಅರಳಿರುತ್ತಿತ್ತು. ಸೀತಾಫಲದ ಬುಟ್ಟಿಗಳು ಸಾಲಾಗಿ ಕೂತಿರುತ್ತಿದ್ದವು. ಮಳೆ ಹಿಂದಾಗಿ ಬಿಸಿಲು ಇನ್ನೂ ಸುಡದ ಆ ದಿನಗಳಲ್ಲಿ ತಿರುಗಾಡುವುದೇ ಒಂದು ಸುಖ. ಹೈದರಾಬಾದಿನಲ್ಲಿ ನಮ್ಮ ದಾರಿ ಬದಲಾಗುತ್ತಿರಲಿಲ್ಲ. ಮೊದಲು ವಸ್ತುಸಂಗ್ರಹಾಲಯದ ದೊಡ್ಡ ಗಡಿಯಾರ. ತಾಸಿಗೊಮ್ಮೆ ಸಣ್ಣ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುತ್ತದೆ, ಅದನ್ನು ನೋಡಲು ಜನ ಅರ್ಧ ತಾಸು ಮೊದಲೇ ಬಂದು ಕೂರುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟಿದರೆ ಕಾಶಕ್ಕ ಲೊಚಗುಟ್ಟುವಳು: "ಪಾಪ, ಇಂವನೂ ನಮ್ಮಾಂವ. ತಾಸತಾಸಿಗಿ ಬಂದು ಬಡದ ಹೋಗಬೇಕು. ಇಂವಗ ಪಕ್ಷದಾಗೂ ಸೂಟಿ ಇಲ್ಲ." ಆಮೇಲೆ ಚಾರ್‌ಮಿನಾರ್ ಹತ್ತಿರ ಬಳೆ, ಊಟ, ಗೋಲ್ಕೊಂಡ. ಇಳಿಹೊತ್ತಿಗೆ ಹುಸೇನ್ ಸಾಗರದಲ್ಲಿ ದೋಣಿ.

ಕಾಯಿದೆ ಮಾಡಿದವಳೇ ಅದನ್ನು ಎಲ್ಲರಿಗಿಂತ ಹೆಚ್ಚು ಮುರಿಯುತ್ತಿದ್ದಳು. ಹೋಟೆಲಿನಲ್ಲಿ ತಾಟು ಟೇಬಲ್ ಮುಟ್ಟುವ ಮೊದಲೇ ತೀರ್ಪು ಬರುತ್ತಿತ್ತು. "ಜೀರಗಿ ಹೊತ್ತಿಸ್ಯಾರ." "ಇದು ನಿನ್ನಿ ಎಣ್ಣಿ." ದೋಣಿಯಲ್ಲಿ ಕೂತರೆ ಮೂಗಿಗೆ ಸೆರಗು ಹಿಡಿದು, "ಅಯ್ಯ, ಕೆರಿ ಅನ್ನೂದು ಹಳಸಿ ಕುಂತದಲ್ಲೋ" ಎಂದು ದಡ ಸೇರುವ ತನಕ ಗೊಣಗುವಳು. ಚೀಲ ಹೊರು ಎಂದು ನಾವು ಗಂಟು ಬಿದ್ದರೆ, "ಮೂಗ ಏನು ಮನ್ಯಾಗ ತೆಗದಿಟ್ಟು ಬರ್ಲೇನು?" ಎನ್ನುತ್ತಿದ್ದಳು.

ಒಂದು ವರ್ಷ ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದಳು, ಸ್ವಲ್ಪ ಸೊರಗಿದ್ದಳು, ಅಷ್ಟೇ. ಪಕ್ಷದಲ್ಲಿ ಎಂದಿನಂತೆ ಹೋದೆವು. ಅಂದು ಹೋಟೆಲಿನಲ್ಲಿ ತೀರ್ಪು ಬರಲಿಲ್ಲ. ಗೌಸ್ ಮಿಯಾ, "ಇವತ್ತ ಅಕ್ಕ ಖರೇ ಸೂಟಿ ಮ್ಯಾಲ ಅದಾಳ" ಎಂದು ನಗಾಡಿದ. ಆ ಸಲ ದೋಣಿ ಮೊದಲು, ಗೋಲ್ಕೊಂಡ ಕೊನೆಗೆ. ಗಣಪತಿ ಬಿಟ್ಟು ವಾರವೂ ಆಗಿರಲಿಲ್ಲ. ನೀರು ಎಂದಿಗಿಂತ ಹೆಚ್ಚು ನಾರುತ್ತಿತ್ತು, ನಾವೆಲ್ಲ ಮೂಗು ಮುಚ್ಚಿಕೊಂಡಿದ್ದೆವು. ಕಾಶಕ್ಕ ಮುಂದೆ ಕೂತು ಮುಖಕ್ಕೆ ಗಾಳಿ ಒಡ್ಡಿ, "ಎಷ್ಟ ಚಲೋ ಹವಾ ಅದ" ಎಂದಳು. ಉಳಿದವರು ಅದನ್ನು ಹಾಸ್ಯ ಎಂದುಕೊಂಡು ನಕ್ಕರು. ನಾನು ಅವಳ ಮುಖ ನೋಡಿದೆ. ಅವಳು ಹಾಸ್ಯ ಮಾಡಿರಲಿಲ್ಲ.

ಗೋಲ್ಕೊಂಡದಲ್ಲಿ ಬಾಗಿಲ ಕಮಾನಿನ ಕೆಳಗೆ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಗೆ ಕೇಳುತ್ತದೆ. ಮೊಣಕಾಲು ನೋವಿನ ಕಾಶಕ್ಕ ಕೆಳಗೆ ಉಳಿದು ಚಪ್ಪಾಳೆ ತಟ್ಟುವವಳು. ಅವತ್ತು ನಾನೂ ಅವಳ ಜೊತೆ ಉಳಿದೆ. ನೆರಳಿಗೆ ಕೂತು, ಮೂಗಿಗೆ ಏನಾಗಿದೆ ಎಂದು ನೇರವಾಗಿಯೇ ಕೇಳಿದೆ. ಅವಳು ಸುತ್ತ ನೋಡಿ ಹೇಳಿದಳು:

"ಮೂಗ ಸತ್ತದ ತಮ್ಮಾ. ಜ್ವರದಾಗ ಹೋಗಿದ್ದು ತಿರಗಿ ಬಂದಿಲ್ಲ. ಕರ್ಪೂರ ಹಿಡದ್ರೂ ಅಷ್ಟ, ಬಳ್ಳೊಳ್ಳಿ ಹಿಡದ್ರೂ ಅಷ್ಟ."

"ಡಾಕ್ಟರಿಗೆ ತೋರಿಸಿದ್ಯಾ?"

"ತೋರ್ಸೀನಿ. ಬಂದ್ರ ಬಂತು ಅಂದ್ರು." ದನಿ ತಗ್ಗಿಸಿ ಅಂದಳು, "ತುಳಸಿ ಲಗ್ನ ಆತಂದ್ರ ಹನ್ನೆರಡು ಲಗ್ನ ಹಿಡದೀನಿ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ. ಇದೊಂದು ಹೊರಗ ಬಿತ್ತಂದ್ರ ನನ್ನ ಯಾರು ಒಲಿ ಮುಂದ ನಿಂದರಸ್ತಾರ?"

ಹಾಗಿದ್ದರೆ ಒಂದು ತೊಟ್ಟು ರುಚಿ ನೋಡಬಹುದಲ್ಲ ಎಂದೆ. ನಾನು ಕಳ್ಳತನಕ್ಕೆ ಕರೆದವನಂತೆ ನನ್ನನ್ನು ನೋಡಿದಳು. "ಮೂಗ ಹೋತಂತ ದೇವ್ರಿಗಿ ಎಂಜಲಾ ಇಡ್ಲ್ಯಾ? ಇಷ್ಟು ವರ್ಷದ ಲೆಕ್ಕ ತಲ್ಯಾಗ ಅದ. ಎಷ್ಟು ಬ್ಯಾಳಿಗಿ ಎಷ್ಟು ಮುಷ್ಟಿ ಅಂತ ಗೊತ್ತದ. ನಡೀತದ." ಆಮೇಲೆ ಎದ್ದು ಕಮಾನಿನ ಕೆಳಗೆ ನಿಂತು ಚಪ್ಪಾಳೆ ತಟ್ಟಿದಳು. ಮೇಲಿನಿಂದ ಗೌಸ್ ಮಿಯಾ ಕೂಗಿದ್ದು ನಮಗೆ ಕೇಳಿಸಿತು.

ಲೆಕ್ಕದ ಮೇಲೆ ನಾಲ್ಕು ಲಗ್ನ ದಾಟಿದವು. ಅವಳು ಎಂದಿನಂತೆ ಬಗ್ಗುತ್ತಿದ್ದಳು, ಕಣ್ಣು ಮುಚ್ಚುತ್ತಿದ್ದಳು, ತಲೆ ಆಡಿಸುತ್ತಿದ್ದಳು. ನನಗೊಬ್ಬನಿಗೇ ಅದು ನಾಟಕ ಎಂದು ಗೊತ್ತಿತ್ತು. ಪ್ರತಿ ಸಲ ಪಂಕ್ತಿ ಎದ್ದು ಹೋಗುವ ತನಕ ನಾನು ಉಣ್ಣುವವರ ಮುಖವನ್ನೇ ನೋಡುತ್ತಿದ್ದೆ.

ಐದನೆಯದು ಬಸವಕಲ್ಯಾಣದ ದೊಡ್ಡ ಮನೆತನದ ಲಗ್ನ. ಅವರ ಮನೆಯಲ್ಲೊಂದು ಪದ್ಧತಿ: ಅಡುಗೆಗೆ ಮೊದಲ ಉಪ್ಪನ್ನು ಮನೆಯ ಹಿರಿಯ ಮುತ್ತೈದೆ ಬೊಗಸೆಯಲ್ಲಿ ಹಾಕಬೇಕು. ಮದುಮಗಳ ಅಜ್ಜಿ ಹೊಸ ಇಳಕಲ್ ಸೀರೆ ಉಟ್ಟು ಬ್ಯಾಳಿಯ ಹಂಡೆಯ ಹತ್ತಿರ ಬಂದಳು. ಕಾಶಕ್ಕ ಆಗ ಹುಗ್ಗಿಯ ಒಲೆಯ ಕಡೆ ಇದ್ದಳು. ನಾನು ವಿಡಿಯೋ ಹಿಡಿದೆ. ಮೊದಲ ಸಲ ಹಬೆ ಅಡ್ಡ ಬಂತು. "ಅಜ್ಜಿ, ಇನ್ನೊಮ್ಮೆ ಹಾಕ್ರಿ" ಎಂದೆ. ಎರಡನೆಯ ಸಲ ಅವಳು ಕ್ಯಾಮೆರಾ ನೋಡಲಿಲ್ಲ. ಮೂರನೆಯ ಸಲ ಮೊಮ್ಮಗಳನ್ನು ಪಕ್ಕಕ್ಕೆ ನಿಲ್ಲಿಸಿದೆ. ನಾಲ್ಕನೆಯದು ಚೆನ್ನಾಗಿ ಬಂತು. ಅಜ್ಜಿ ಪ್ರತಿ ಸಲವೂ ಬೊಗಸೆ ತುಂಬ ಹಾಕಿದ್ದಳು. ನನ್ನ ಗಮನವೆಲ್ಲ ಅವಳ ಕೈಬಳೆಯ ಹೊಳಪಿನ ಮೇಲಿತ್ತು.

ಸ್ವಲ್ಪ ಹೊತ್ತಿಗೆ ಕಾಶಕ್ಕ ಬಂದಳು. ಅಜ್ಜಿಯ ಒಂದು ಬೊಗಸೆ ಅವಳ ಲೆಕ್ಕದಲ್ಲಿತ್ತು. ಮೊದಲಿನ ಕಾಶಕ್ಕನಾಗಿದ್ದರೆ ಹಬೆ ಮೂಗಿಗೆ ತಾಕಿದ ಕೂಡಲೇ ಅಂಗೈ ಎತ್ತುತ್ತಿದ್ದಳು. ಈಗ ಕಣ್ಣು ಮುಚ್ಚಿ ಮತ್ತೆ ಮತ್ತೆ ತಲೆ ಆಡಿಸಿದಳು. ಸುಭದ್ರಾ ಮುಷ್ಟಿಯ ಮೇಲೆ ಮುಷ್ಟಿ ಹಾಕುತ್ತ ಹೋದಳು. ಆರನೆಯ ಮುಷ್ಟಿಗೆ ನನಗೆ ತಲೆಯಲ್ಲಿ ಬೆಳಕಾಯಿತು. ಓಡಿಹೋಗಿ ಕಾಶಕ್ಕನ ಕಿವಿಯಲ್ಲಿ ಹೇಳಿದೆ.

"ಎಷ್ಟ ಸಲ ಹಾಕ್ಸಿದಿ?" ಎಂದಳು, ಕಣ್ಣು ತೆರೆಯದೆ.

"ನಾಲ್ಕು."

ಅಂಗೈ ಎತ್ತಿದಳು. ನೈವೇದ್ಯಕ್ಕೆ ಅರ್ಧ ತಾಸು ಉಳಿದಿತ್ತು. ಅವಳು ಏನಾದರೂ ನೆಪ ಹೇಳಬಹುದಿತ್ತು. ಫೋಟೋದವನ ಹುಚ್ಚಾಟ ಎಂದು ಎಲ್ಲರ ಮುಂದೆ ನನ್ನ ಮಾನ ತೆಗೆದಿದ್ದರೂ ಅದು ನಿಜವೇ ಆಗುತ್ತಿತ್ತು. ಅಡುಗೆಯ ಹೆಂಗಸರನ್ನೆಲ್ಲ ಹತ್ತಿರ ಕರೆದು, ಎಂದಿನ ದೊಡ್ಡ ದನಿಯಲ್ಲಿ ಹೇಳಿದಳು: "ಬ್ಯಾಳಿಗಿ ಉಪ್ಪು ಭಾಳ ಬಿದ್ದದ. ಹೆಚ್ಚಿಗಿ ಹಾಕ್ಸಿದಾಕಿ ನಾನ. ನನಗ ಶ್ರಾವಣದಿಂದ ವಾಸನಿ ಹತ್ತವಲ್ದು, ನಿಮಗ ಹೇಳಿದ್ದಿಲ್ಲ. ಅರ್ಧ ಬ್ಯಾಳಿ ತೆಗದು ಬ್ಯಾರೆ ಹಂಡ್ಯಾಗ ಹಾಕ್ರಿ, ಸಪ್ಪನ ಬ್ಯಾಳಿ ಕುದಿಸಿ ಎರಡಕ್ಕೂ ಕೂಡಸ್ರಿ." ಆಮೇಲೆ ಸೌಟನ್ನು ಸುಭದ್ರಾಳ ಕೈಗೆ ಕೊಟ್ಟಳು. "ಇನ್ನ ಮುಂದ ನೀ ಬಗ್ಗು. ನನಗ ಉಪ್ಪಿನ ಬೋಗುಣಿ ಕೊಡು."

ಸುಭದ್ರಾ ಅಳುತ್ತಲೇ ಬಗ್ಗಿದಳು. ಊಟ ಒಂದು ತಾಸು ತಡವಾಯಿತು. ಉಂಡವರು ಏನೂ ಮಾತಾಡದೆ ಎದ್ದು ಹೋದರು. ತಪ್ಪು ನನ್ನದೆಂದು ನಾನು ಬಾಯಿ ಬಿಡಲಿಲ್ಲ. ಆ ಮನೆತನ ದೊಡ್ಡದು, ಅವರ ಇನ್ನೂ ಎರಡು ಲಗ್ನಗಳಿಗೆ ನನಗೆ ಮಾತು ಕೊಟ್ಟಿದ್ದರು. ಕಾರಣ ಇಷ್ಟೇ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಆ ಲಗ್ನದ ಸುಗ್ಗಿ ಮುಗಿಯುವ ತನಕ ಅವಳು ಉಪ್ಪಿನ ಬೋಗುಣಿ ಹಿಡಿದಳು. ಆಮೇಲೆ ಬರುವುದನ್ನು ನಿಲ್ಲಿಸಿದಳು. ಮರುವರ್ಷ ಪಕ್ಷದಲ್ಲಿ ಕ್ರೂಸರ್ ಅವಳ ಮನೆಯ ಮುಂದೆ ನಿಂತಾಗ ನಾನು ಇಳಿದು ಹೋದೆ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಸೀರೆ ಬದಲಿಸಿರಲಿಲ್ಲ.

"ಏಳು, ಹೊತ್ತಾತು" ಎಂದೆ.

"ನಾ ಬರಂಗಿಲ್ಲ. ನೀವು ಹೋಗಿ ಬರ್ರಿ."

"ಯಾಕ?"

"ಆ ಸೂಟಿ ದುಡಿಯೋರದು. ನನಗೀಗ ವರ್ಷಪೂರ್ತಿ ಸೂಟಿ ಅದ. ಅಂಥಾಕಿ ಹೈದರಾಬಾದಿಗಿ ಬಂದು ಯಾವ ಕೆಲಸ ಬಿಡೂದು?" ಕೈ ಶೇಂಗಾದ ಮೇಲೇ ಇತ್ತು. "ಸುಭದ್ರಾಗ ಮುಂದಿನ ಸೀಟು ಕೊಡ್ರಿ. ಅಕಿ ಈ ವರ್ಷ ಭಾಳ ದುಡದಾಳ."

ಅವತ್ತಾದರೂ ಹೇಳಿಬಿಡಬೇಕೆಂದು ನಾನು ಮನಸ್ಸು ಮಾಡಿ ಬಂದಿದ್ದೆ. ಬಸವಕಲ್ಯಾಣದ ತಪ್ಪು ನನ್ನದು, ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ ಎಂದೆ. ಕಾಶಕ್ಕ ಮೊದಲ ಸಲ ತಲೆಯೆತ್ತಿ ನೋಡಿದಳು.

"ಒಪ್ಪಿದ್ರ ಮೂಗ ತಿರಗಿ ಬರ್ತದೇನು? ಸುಮ್ಮ ಹೋಗು. ನೀ ಇಲ್ಲಂದ್ರೂ ಒಂದಿನ ಅದು ಆಗೂದ ಇತ್ತು." ಕ್ರೂಸರಿನವನು ಹಾರ್ನ್ ಹೊಡೆದ. ನಾನು ಹೋಗಿ ಹತ್ತಿದೆ. ಗಡಿಯಾರ ನೋಡಿದೆವು, ದೋಣಿಯಲ್ಲಿ ಕೂತೆವು, ಹೋಟೆಲಿನಲ್ಲಿ ಉಂಡೆವು. ಎಲ್ಲವೂ ಎಂದಿಗಿಂತ ಬೇಗ ಮುಗಿಯಿತು.

ಚಳಿಗಾಲಕ್ಕೆ ಮಗಳು ಬಂದು ಅವಳನ್ನು ಉದಗೀರಿಗೆ ಕರೆದುಕೊಂಡು ಹೋದಳು. ವೈಶಾಖದಲ್ಲಿ ಅಲ್ಲಿಂದ ಫೋನ್ ಬಂತು: ಕಾಶಕ್ಕ ಬೆಳಗಿನ ಜಾವ ತೀರಿಕೊಂಡಿದ್ದಾಳೆ, ಮಧ್ಯಾಹ್ನ ಮಣ್ಣು. ನಾವೆಲ್ಲ ಆಗ ಚಿಟಗುಪ್ಪದ ಒಂದು ಲಗ್ನದಲ್ಲಿದ್ದೆವು. ಗೌಸ್ ಮಿಯಾ ಏಣಿಯ ಮೇಲಿದ್ದ. ಸುಭದ್ರಾಳ ಮುಂದೆ ಆರುನೂರು ಮಂದಿಯ ಬ್ಯಾಳಿ ಕುದಿಯುತ್ತಿತ್ತು. ಇನ್ನರ್ಧ ತಾಸಿಗೆ ಅಕ್ಷತೆ ಬೀಳಬೇಕಿತ್ತು, ಕ್ಯಾಮೆರಾ ನನ್ನ ಕೊರಳಲ್ಲಿತ್ತು. ಬೇರೊಬ್ಬ ಫೋಟೋದವನನ್ನು ಕರೆಯುವುದು ಅಂಥ ಕಷ್ಟವೇನೂ ಇರಲಿಲ್ಲ. ಕೆಲಸ ಬಿಟ್ಟು ಹೋದರೆ ಅವಳೇ ಬೈಯುತ್ತಿದ್ದಳು ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು, ಯಾರೂ ಹೋಗಲಿಲ್ಲ. ಅದೇನೂ ಸುಳ್ಳಲ್ಲ, ಬೈಯುತ್ತಿದ್ದಳು. ಆದರೂ ನಾನು ಹೋಗಬೇಕಿತ್ತು.