ಕತ್ತಿ ಎದ್ದಾಗ ಬಾಯಿಗೆ ಬಂದ ಕೂಗು

ಶ್ರಾವಣದ ಮೊದಲ ಸೋಮವಾರ. ಅಯ್ಯನವರ ಊಟಕ್ಕೆಂದು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಶ್ರಾವಣ ಸೋಮವಾರ ಜಂಗಮರು ನಮ್ಮ ಮನೆಗೆ ಬಂದು, ಲಿಂಗಪೂಜೆ ಮಾಡಿಕೊಂಡು ಉಣ್ಣುವುದು ಅತ್ತೆಯ ಅತ್ತೆಯ ಕಾಲದಿಂದ ನಡೆದು ಬಂದದ್ದು. ಮಗ್ಗುಲ ಮನೆಯಾಕೆ ಬಂದವಳು ಹೊಸ್ತಿಲಲ್ಲೇ ನಿಂತಳು.

“ಅಯ್ಯನೋರು ಬರಂಗಿಲ್ಲಂತ. ಕೊಲೆಗಡಕಗ ದೇವರ ಹೆಸರ ಕೂಗಿದಾಕಿ ಕೈಲೆ ಉಣ್ಣಂಗಿಲ್ಲಂತ. ಸಿನೆಮಾ ನೋಡಿದ್ದ ತಪ್ಪಾತು ಅಂತ ನೀ ನಾಕ ಮಂದಿ ಮುಂದ ಅಂದ್ರ ಬರ್ತಾರಂತ.”

ನಡೆದದ್ದು ಇಷ್ಟು. ಶಹಾಬಾದಿನಲ್ಲಿ ಡೇರೆ ಹೊಡೆದು ಆಡಿಸುತ್ತಿದ್ದ ಸಿನೆಮಾಕ್ಕೆ ನಮ್ಮ ಯಜಮಾನರು ನನ್ನನ್ನು ಕರೆದೊಯ್ದಿದ್ದರು. ಮಾತೆಲ್ಲ ಉರ್ದು, ತಿಳಿದದ್ದು ಅರ್ಧ. ಆದರೆ ಕಣ್ಣಿಗೆ ಉರ್ದು ಬೇಕಿರಲಿಲ್ಲ. ಮೊದಲು ಕಂಡದ್ದು ಕೊಲೆಗಾರನಲ್ಲ, ಗೋಡೆಯ ಮೇಲೆ ಅವನ ಕತ್ತಿಯ ನೆರಳು. ದೀಪ ತೂಗಿದಂತೆಲ್ಲ ಅದು ಬೆಳೆದು ಮಾಳಿಗೆ ಮುಟ್ಟಿತು. ಕೊಂದಾದ ಮೇಲೆ ಅವನು ಬಿಳಿ ಬೋಗುಣಿಯಲ್ಲಿ ಕೈ ತೊಳೆದ. ಕಪ್ಪು-ಬಿಳುಪಿನ ಪರದೆಯಲ್ಲಿ ನೆತ್ತರು ಕರಗಿ, ಹನಿಹನಿಯಾಗಿ ನೀರೆಲ್ಲ ಕಪ್ಪಾಯಿತು. ಅರ್ಧ ಡೇರೆ ಬೈಯುತ್ತ ಎದ್ದುಹೋಯಿತು, ಅರ್ಧ ಸೀಟಿ ಹೊಡೆಯಿತು. ನಾನು ಕೂತೇ ಇದ್ದೆ. ಆದರೆ ಕತ್ತಿ ಎದ್ದಾಗ ನನ್ನ ಬಾಯಿಂದ “ಆಹಾ ರುದ್ರ, ಆಹಾ ದೇವ” ಎಂದು ಬಂದುಬಿಟ್ಟಿತ್ತು. ಡೇರೆಯಲ್ಲಿದ್ದ ನಮ್ಮೂರ ಮಂದಿ ಅದನ್ನು ಅಯ್ಯನವರ ಕಿವಿಗೂ ಮುಟ್ಟಿಸಿದ್ದರು.

ನಮ್ಮ ಮದುವೆಗಳಲ್ಲಿ ಪುರವಂತರು ವೀರಭದ್ರನ ಕತೆ ಹೇಳುತ್ತ ಖಡ್ಗ ಎತ್ತಿದಾಗ ಕೂಗುವ ಕೂಗು ಅದು. ಸಣ್ಣವಳಿದ್ದಾಗಿನಿಂದ ಕೂಗಿದ ಬಾಯಿ. ಎದುರಿಗೆ ಇರುವುದು ಪರದೆಯೆಂದು ಅದಕ್ಕೇನು ಗೊತ್ತು?

“ಕೂಗಿದ್ದ ತಪ್ಪು,” ಎಂದೆ. “ಅವತ್ತ ಲಿಂಗದ ಮುಂದ ಕುಂತು ತಪ್ಪಾತು ಅಂದೀನಿ. ನೋಡಿದ್ದ ತಪ್ಪಲ್ಲ. ಪುರವಂತ ಗಲ್ಲಕ್ಕ ಶಸ್ತ್ರ ಚುಚ್ಚಿಕೊಂಡಾಗ ನೀ ಕೂಸಿಗಿ ತೊಡಿ ಮ್ಯಾಲ ಕುಂಡ್ರಿಸಿಕೊಂಡು ನೋಡಲಿಲ್ಲೇನ?”

“ಅದು ದೇವರ ಕತಿ ಯವ್ವಾ. ಇದು ಕೊಲೆಗಡಕಂದು.”

“ಕೊಲೆಗಡಕಂದ ಇರ್ಲಿ. ಎಷ್ಟ ತೊಳದ್ರೂ ಅವನ ಕೈ ಹಸನಾಗಲಿಲ್ಲ. ಪಾಪ ಅಂದ್ರ ಹ್ಯಾಂಗಿರ್ತದ ಅಂತ ಕಣ್ಣಿಲೆ ನೋಡಿದ್ದ ಅವತ್ತ. ಅಂಥಾದ್ದಕ್ಕ ಕೆಟ್ಟದ್ದು ಅಂತ ಹ್ಯಾಂಗ ಅನ್ಲಿ?”

ಒಳಗಿನಿಂದ ಅತ್ತೆಯ ದನಿ ಬಂತು. “ಒಂದ ಮಾತ ಅಂದ್ರ ನಿನ್ನ ಗಂಟೇನ ಹೋಗ್ತದ? ಅಯ್ಯನೋರು ಉಣ್ಣದ ಶ್ರಾವಣ ಈ ಮನಿ ನೋಡಿಲ್ಲ.”

ಆ ಮಾತು ನನಗೆ ನಟ್ಟಿತು. ಆದರೂ ಅಂದೆ: “ಲಿಂಗ ಕಟ್ಟಿಕೊಂಡ ಎದಿ ಅದ ರೀ, ಅತ್ತಿ. ಅದರ ಮುಂದ ಸುಳ್ಳ ಹ್ಯಾಂಗ ಹೇಳ್ಲಿ?”

“ನಿನ್ನ ಹಟ ನಿನಗ,” ಎಂದು ಮಗ್ಗುಲ ಮನೆಯಾಕೆ ಹೊರಟುಹೋದಳು. ಆ ಶ್ರಾವಣ ಪೂರ್ತಿ ಅಯ್ಯನವರು ಬರಲಿಲ್ಲ. ನಾನೂ ಆ ಮಾತು ಇವತ್ತಿನ ತನಕ ಅಂದಿಲ್ಲ.

ಶಿವ ಮಾತ್ರ ನನ್ನನ್ನು ಪೂರ್ತಿ ಕೈಬಿಡಲಿಲ್ಲ. ಅವತ್ತು ಮಗ್ಗುಲ ಮನೆಯಾಕೆ ಹೋದ ಸ್ವಲ್ಪ ಹೊತ್ತಿಗೆ ಅತ್ತೆ ಗೋಡೆ ಹಿಡಿದುಕೊಂಡು ಹೊರಬಂದು, ಮೊರದ ಎದುರಿಗೆ ಕೂತು, ಒಂದು ಹರಳು ಆರಿಸಿ ಎಸೆದರು. ಮುಖ ಇನ್ನೂ ಬಿಗಿದೇ ಇತ್ತು.

“ನೀರ ಖರೇನ ಕರ್ರಗ ಆತೇನ?”

“ಹೂಂರಿ. ಮಸಿ ಅರವಿ ಹಿಂಡಿದಂಗ.”

“ಶಿವಶಿವಾ! ಆಮ್ಯಾಲ?”

ಆಮೇಲಿನದನ್ನು ಹೇಳುತ್ತಲೇ ಎದ್ದು ಜೋಳವನ್ನು ಬೀಸುಕಲ್ಲಿಗೆ ಹಾಕಿದೆ. ಬಂದರೆ ಉಣ್ಣಲಿ ಎಂದು ಅಯ್ಯನವರ ಪಾಲಿನದನ್ನೂ ಬೀಸಿದೆ, ಹಿಂದಕ್ಕೆ ತೆಗೆದಿಡಲಿಲ್ಲ.