ಇನ್ನೊಬ್ಬಳ ಹೆಸರಿಗೆ ಓಗೊಟ್ಟ ವರ್ಷ

ಅಮ್ಮ ಹೇಳುವ ಕಥೆಯಲ್ಲಿ ನಾನು ದೇವತೆ. ಮತ್ತಿಕೆರೆಯ ಮನೆಯಲ್ಲಿ ಯಾರದೇ ಸೀಮಂತ, ನಾಮಕರಣ ಇರಲಿ, ಎಲೆಗೆ ಕೋಸಂಬರಿ ಬೀಳುವ ಹೊತ್ತಿಗೆ ಶುರು ಮಾಡುತ್ತಾಳೆ. “ನಮ್ ಹುಡ್ಗಿ ಥಾಯ್ಲೆಂಡಲ್ಲಿ ಹತ್ತ್ ಜನ ಅನಾಥ ಮಕ್ಳುನ್ನ ಸಾಕವ್ಳೆ ಕಣ್ರೀ. ಬರ್ಮಾದಿಂದ ಓಡ್ ಬಂದಿರೋವು, ಪಾಪ. ಊಟ ಹಾಕಿ, ಇಂಗ್ಲಿಷ್ ಹೇಳ್ಕೊಟ್ಟು, ಗಂಡ ಹೆಂಡ್ತಿ ಇಬ್ರೂ ಜೀವ ಬಿಡ್ತಿದ್ರು ಅವುಕ್ಕೆ.” ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಗಂಡನ ಮುಖ, ಕೊನೆಗೆ ನನ್ನ ಹೊಟ್ಟೆ. ಮುಂದಿನ ಮಾತನ್ನು ಯಾರಾದರೊಬ್ಬರು ಆಡಿಯೇ ಆಡುತ್ತಾರೆ. ಮಕ್ಕಳಂದ್ರೆ ಅಷ್ಟು ಇಷ್ಟ ಅಂದ್ಮೇಲೆ ಇನ್ನೇನು, ನಿಮ್ಮದೂ ಒಂದು ಆಗಲಿ.

ಈ ಕಥೆಯನ್ನು ಖಂಡಿಸಿ ಖಂಡಿಸಿ ಸಾಕಾಗಿದೆ. ಕಾಲೇಜಿನಲ್ಲಿದ್ದಷ್ಟು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು ನಾನು, ಆದರೆ ಅಮ್ಮನ ಎದುರು ಯಾವ ವಾದವೂ ನಿಲ್ಲುವುದಿಲ್ಲ. ಒಂದು ಸಲ ಬರೆದಿಟ್ಟುಬಿಡುತ್ತೇನೆ. ಆ ಮಕ್ಕಳಲ್ಲಿ ಒಬ್ಬರೂ ಅನಾಥರಲ್ಲ. ಎಲ್ಲರಿಗೂ ಅಪ್ಪನೋ ಅಮ್ಮನೋ ಇದ್ದರು. ಹೊಲಿಗೆ ಫ್ಯಾಕ್ಟರಿಯಲ್ಲೋ, ಜೋಳದ ಹೊಲದಲ್ಲೋ, ದೂರದ ಬ್ಯಾಂಕಾಕಿನಲ್ಲೋ ದುಡಿಯುತ್ತಿದ್ದರು, ಅಷ್ಟೇ. ನಾನು ಹಾಕಿದ ಊಟಕ್ಕಿಂತ ಅವರ ಮನೆಗಳಿಂದ ನಮಗೆ ಬಂದ ಊಟವೇ ಹೆಚ್ಚು. ಇನ್ನು ಇಂಗ್ಲಿಷ್ ಕಲಿಸಿದ್ದಂತೂ ಶುದ್ಧ ಸುಳ್ಳು. ಎರಡು ವರ್ಷದಲ್ಲಿ ನನ್ನಿಂದ ಅವರು ಕಲಿತದ್ದು ಎರಡು ಕನ್ನಡದ ಪದ: ‘ಬೇಡ’ ಮತ್ತು ‘ಆಮೇಲೆ’. ಬಾಗಿಲಲ್ಲಿ ನಿಂತು ದಿನವಿಡೀ ನಾನು ಹೇಳುತ್ತಿದ್ದುದು ಅವೆರಡನ್ನೇ.

‘ಇಬ್ಬರೂ ಜೀವ ಬಿಡುತ್ತಿದ್ದರು’ ಎಂಬ ಮಾತಿಗೆ ಮಾತ್ರ ನನ್ನ ಹತ್ತಿರ ಸರಿಯಾದ ಉತ್ತರವಿಲ್ಲ. ಇಬ್ಬರಲ್ಲಿ ಒಬ್ಬಳ ಲೆಕ್ಕ ನನಗೆ ಗೊತ್ತು. ಇನ್ನೊಬ್ಬನದು ಗೊತ್ತಿದೆ ಅಂದುಕೊಂಡಿದ್ದೆ.

ಮದುವೆಗೆ ಮೊದಲು, ಯಶವಂತಪುರ ಸ್ಟೇಷನ್ ಹತ್ತಿರದ ಒಂದು ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಾ, ನನಗೆ ಮಕ್ಕಳು ಬೇಡ ಎಂದು ಇವನಿಗೆ ಹೇಳಿದ್ದೆ. ಹೇಳಿದ್ದೆ ಅಂದರೆ, ವಾದಿಸಿದ್ದೆ. ಪೀಠಿಕೆ, ಕಾರಣಗಳು, ಅವನು ಎತ್ತಬಹುದಾದ ಆಕ್ಷೇಪಗಳು, ಅವಕ್ಕೆಲ್ಲ ಮುಂಚೆಯೇ ಉತ್ತರ. ಇವನು ಗದಗದ ಕಡೆಯವನು, ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡುವ ಕೆಲಸ. ಮಾತು ಕಡಿಮೆ. ಎಲ್ಲ ಕೇಳಿಸಿಕೊಂಡು ಲೋಟ ಕೆಳಗಿಟ್ಟು, “ಆತು” ಅಂದ. ಎದುರಾಳಿ ಖಂಡಿಸದ ವಾದವನ್ನು ಒಪ್ಪಿದಂತೆ ಎಂದು ಚರ್ಚೆಯಲ್ಲಿ ಒಂದು ನಿಯಮವಿದೆ. ನಾನು ಗೆದ್ದೆ ಅಂದುಕೊಂಡು ಇನ್ನೊಂದು ಕಾಫಿ ಹೇಳಿದೆ.

ಮದುವೆಯಾದ ವರ್ಷವೇ ಕಂಪನಿ ಇವನನ್ನು ಥಾಯ್ಲೆಂಡಿನ ಗಡಿಯ ಒಂದು ಊರಿಗೆ ಎರಡು ವರ್ಷಕ್ಕೆ ಕಳಿಸಿತು. ನದಿ ದಾಟಿದರೆ ಬರ್ಮಾ. ಊರಿನ ಹೊಲಿಗೆ ಫ್ಯಾಕ್ಟರಿಗಳಲ್ಲಿ ಕೂತವರೆಲ್ಲ ನದಿ ದಾಟಿ ಬಂದವರು. ಅವರಲ್ಲಿ ಬಹಳ ಜನ ಕರೆನ್, ಆಚೆಯ ಗುಡ್ಡಗಳ ಜನ. ಅಲ್ಲಿನ ಯುದ್ಧಕ್ಕೆ ಹೆದರಿ ಅಜ್ಜಂದಿರ ಕಾಲದಿಂದ ಇತ್ತ ಬರುತ್ತಲೇ ಇದ್ದಾರೆ. ನಮಗೆ ಬಾಡಿಗೆಗೆ ಸಿಕ್ಕಿದ್ದು ಅವರದೇ ಒಂದು ಓಣಿಯಲ್ಲಿ, ಕಂಬಗಳ ಮೇಲೆ ನಿಂತ ಮರದ ಮನೆ. ಇವನು ಬೆಳಿಗ್ಗೆ ಬೈಕ್ ಹತ್ತಿ ಹೋದರೆ ಸಂಜೆ ಬರುತ್ತಿದ್ದ. ನಾನು ಮನೆಯಲ್ಲೇ ಕೂತು, ಬೆಂಗಳೂರಿನ ಸ್ಕೂಲ್ ಮಕ್ಕಳಿಗೆ ಸಂಜೆ ಹೊತ್ತು ಆನ್‌ಲೈನಿನಲ್ಲಿ ಚರ್ಚೆ ಮಾಡುವುದು ಹೇಗೆ ಎಂದು ಹೇಳಿಕೊಡುತ್ತಿದ್ದೆ.

ಮಧ್ಯಾಹ್ನ ಒಂದು ಗಂಟೆ ನಿದ್ದೆ. ನಾನು ಆ ಊರಿನಿಂದ ಕೇಳಿದ್ದು ಅಷ್ಟೇ. ಅದು ಸಿಗಲಿಲ್ಲ. ಸ್ಕೂಲ್ ಬಿಟ್ಟ ತಕ್ಷಣ ಮಕ್ಕಳು ನಮ್ಮ ಮೆಟ್ಟಿಲಿಗೆ ಬರುತ್ತಿದ್ದವು. ಕೆನ್ನೆಗೆ ಬಳಿದ ಹಳದಿ ಗಂಧ ಬೆವರಿಗೆ ಅರ್ಧ ಅಳಿಸಿರುತ್ತಿತ್ತು. ಮೆಟ್ಟಿಲಿಗೊಂದೊಂದು ಜೊತೆ ಚಪ್ಪಲಿ. ಯಾರೂ ಕದ ತಟ್ಟುತ್ತಿರಲಿಲ್ಲ, ಅಲ್ಲಿ ಕದ ತಟ್ಟುವುದೇ ಅವಮಾನವೋ ಏನೋ. ಫ್ರಿಜ್ ತೆಗೆದು ನೀರು ಕುಡಿದು ಬಾಟಲಿ ಖಾಲಿ ಇಡುತ್ತಿದ್ದವು. ನನ್ನ ತಲೆ ಬಾಚುತ್ತೇವೆಂದು ಹಿಂದೆ ಕೂತು ಹೇನು ಹುಡುಕಿ, ಸಿಗದೆ ನಿರಾಸೆಯಾಗುತ್ತಿದ್ದವು. ರಾಗಿ ಮುದ್ದೆ ಮಾಡಿದ ದಿನ ಬೆರಳಿನಿಂದ ತಿವಿದು, ಮೂಸಿ, ಇದು ಊಟವೋ ಮಣ್ಣೋ ಎಂದು ತಮ್ಮೊಳಗೇ ಚರ್ಚೆ. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡಿ ಇಟ್ಟರೆ ಸಾಕು, ಒಬ್ಬ ಹುಡುಗ ಚಪ್ಪಲಿಯನ್ನು ಕಿವಿಗಿಟ್ಟುಕೊಂಡು ಹುಬ್ಬು ಗಂಟು ಹಾಕಿ, “ಹಾಂ... ಹಾಂ... ಬೇಡ. ಬೇಡ. ಆಮೇಲೆ!” ಅನ್ನುತ್ತಿದ್ದ. ಉಳಿದವು ನೆಲಕ್ಕೆ ಬಿದ್ದು ನಗುತ್ತಿದ್ದವು. ಅವನ ಅಭಿನಯ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ಪಕ್ಕದ ಮನೆಯ ಹುಡುಗಿಗೆ ಒಂಬತ್ತು ವರ್ಷ. ಅಜ್ಜಿಯ ಜೊತೆ ಇದ್ದಳು. ಅಪ್ಪನ ವಿಷಯ ಯಾರೂ ಎತ್ತುತ್ತಿರಲಿಲ್ಲ. ಅಮ್ಮ ಬ್ಯಾಂಕಾಕಿನಲ್ಲಿ ಯಾರದೋ ಮನೆಕೆಲಸಕ್ಕಿದ್ದವಳು, ವರ್ಷಕ್ಕೊಮ್ಮೆ ಬರುತ್ತಿದ್ದಳು. ಉಳಿದ ಮಕ್ಕಳು ಕತ್ತಲಾದರೆ ಹೋಗುತ್ತಿದ್ದವು, ಇವಳು ಹೋಗುತ್ತಿರಲಿಲ್ಲ. ನಾನು ಕ್ಲಾಸ್ ತೆಗೆದುಕೊಳ್ಳುವಾಗ ಮೇಜಿನ ಕೆಳಗೆ ನನ್ನ ಕಾಲಿಗೆ ಒರಗಿ ಹೋಂವರ್ಕ್ ಬರೆಯುತ್ತಿದ್ದಳು. ಕಾಲು ಜೋಮು ಹಿಡಿಯುತ್ತಿತ್ತು. ಸರಿದುಕೋ ಅನ್ನಲಿಲ್ಲ. ಪ್ರೀತಿಯಿಂದ ಅಲ್ಲ, ಹೇಳುವಷ್ಟು ಚೈತನ್ಯ ಆ ಹೊತ್ತಿಗೆ ಉಳಿದಿರುತ್ತಿರಲಿಲ್ಲ.

ಅವಳ ಅಜ್ಜಿ ಎಲೆ ಅಡಿಕೆ ಜಗಿಯುತ್ತಾ ಮೊದಲ ದಿನದಿಂದಲೂ ಬೆರಳಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದಳು, ಎಷ್ಟು ಮಕ್ಕಳು? ನಾನು ಮುಷ್ಟಿ ತೋರಿಸುತ್ತಿದ್ದೆ. ಅಜ್ಜಿ ನನ್ನ ಮುಷ್ಟಿ ಬಿಡಿಸಿ ಒಳಗೇನಾದರೂ ಇದೆಯೋ ಎಂಬಂತೆ ನೋಡಿ ನಗುತ್ತಿದ್ದಳು.

ಮೊದಲ ಕೆಲವು ವಾರ ಮಕ್ಕಳು ನನ್ನನ್ನು ಏನೆಂದು ಕೂಗುವುದೆಂದು ತಡಬಡಾಯಿಸುತ್ತಿದ್ದವು. ಆಮೇಲೊಂದು ದಿನ, ಯಾರೋ ತೀರ್ಮಾನ ಮಾಡಿದ ಹಾಗೆ, ಎಲ್ಲವೂ ಒಟ್ಟಿಗೆ ಹೊಸ ಹೆಸರು ಹಿಡಿದವು. ಆ ಹುಡುಗಿಯ ಹೆಸರು ಹೇಳಿ, ಅದರ ಹಿಂದೆ ‘ಮೋ’. ಮೋ ಅಂದರೆ ಅಮ್ಮ ಎಂದು ನನಗೆ ಗೊತ್ತಿತ್ತು. ಆದರೆ ನಮ್ಮೂರಲ್ಲಿ ಬಸ್ ಕಂಡಕ್ಟರ್ ಕೂಡ “ಮುಂದೆ ಹೋಗಮ್ಮ” ಅನ್ನುತ್ತಾನೆ, ಅದರಿಂದ ಯಾರೂ ಯಾರಿಗೂ ತಾಯಿಯಾಗುವುದಿಲ್ಲ. ಇವಳು ಸದಾ ನನ್ನ ಮನೆಯಲ್ಲಿರುತ್ತಾಳಲ್ಲ, ಇವಳ ಕಡೆಯ ಅಮ್ಮ, ಅಷ್ಟೇ ಇರಬೇಕು ಅಂದುಕೊಂಡು ಓಗೊಟ್ಟೆ. ಇವನಿಗೂ ಅದೇ ಹೆಸರು, ಕೊನೆಗೆ ‘ಪಾ’.

ಸಂಜೆ ಇವನ ಬೈಕ್ ಓಣಿಗೆ ತಿರುಗಿದ ಕೂಡಲೇ ಮಕ್ಕಳು ಆ ಹೆಸರನ್ನು ಕೂಗಿಕೊಂಡು ಓಡುತ್ತಿದ್ದವು. ಇವನು ಅಲ್ಲೇ ಎಂಜಿನ್ ಆಫ್ ಮಾಡಿ, ಹುಡುಗಿಯನ್ನು ಸೀಟಿನ ಮೇಲೆ ಕೂರಿಸಿ, ಬೈಕನ್ನು ಮನೆವರೆಗೂ ತಳ್ಳಿಕೊಂಡು ಬರುತ್ತಿದ್ದ. ಅಜ್ಜಿಯ ಬೇಲಿಯಲ್ಲಿ ಪುಂಡಿ ಸೊಪ್ಪು ಬೆಳೆದಿದ್ದನ್ನು ಕಂಡುಹಿಡಿದವನೂ ಇವನೇ. “ನೋಡಿಲ್ಲೆ, ನಮ್ಮೂರ ಪುಂಡಿಪಲ್ಯ!” ಎಂದು ಕುಣಿದಾಡಿದ. ಭಾನುವಾರ ಅಜ್ಜಿ, ಹುಡುಗಿ, ಇವನು ಮೂವರೂ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನನಗದು ಒಳ್ಳೆಯದೇ ಆಯಿತು. ಆ ಒಂದು ಗಂಟೆ ನಿದ್ದೆ ಮಾಡುತ್ತಿದ್ದೆ.

ಏಪ್ರಿಲ್‌ನಲ್ಲಿ ಆ ದೇಶದ ಹೊಸ ವರ್ಷ. ಬೀದಿಯಲ್ಲಿ ನಿಂತು ಸಿಕ್ಕವರ ಮೇಲೆಲ್ಲ ನೀರೆರಚುವ ಹಬ್ಬ. ನಾನು ಮೆಟ್ಟಿಲ ಮೇಲೆ, ಒದ್ದೆಯಾಗದ ದೂರದಲ್ಲಿ ಕೂತಿದ್ದೆ. ಓಣಿಯ ತುದಿಯಲ್ಲಿ ಪಿಕಪ್ ಗಾಡಿಯೊಂದು ನಿಂತು, ಎರಡು ದೊಡ್ಡ ಚೀಲ ಹಿಡಿದುಕೊಂಡು ಒಬ್ಬ ಹೆಂಗಸು ಇಳಿದಳು. ಅದೇ ಹೊತ್ತಿಗೆ ಒಬ್ಬ ಹುಡುಗ ಬಕೆಟ್ ಎತ್ತಿಕೊಂಡು ನನ್ನತ್ತ ಓಡಿ ಬರುತ್ತಾ ಆ ಹೆಸರನ್ನು ಕೂಗಿದ.

ಇಬ್ಬರು ತಿರುಗಿದೆವು.

ಅವಳು ನನಗಿಂತ ಚಿಕ್ಕವಳು. ಚೀಲ ಕೆಳಗಿಟ್ಟು, ಹುಡುಗನನ್ನು ನೋಡಿ, ಅವನ ಬಕೆಟ್ ಯಾರ ಕಡೆ ಇದೆ ನೋಡಿ, ನನ್ನನ್ನು ನೋಡಿದಳು. ಅಷ್ಟರಲ್ಲಿ ಮಗಳು ಓಡಿ ಹೋಗಿ ಅವಳ ಸೊಂಟ ತಬ್ಬಿಕೊಂಡಳು. ಒಂದು ಮಾತಾಯಿತು, ಎರಡಾಯಿತು. ಆಮೇಲೆ ಹುಡುಗಿ ಅಮ್ಮನ ಕೈಹಿಡಿದು ನನ್ನ ಮೆಟ್ಟಿಲಿಗೇ ಕರೆತಂದಳು. ಸ್ಕೂಲಿನ ಮುರುಕು ಇಂಗ್ಲಿಷಿನಲ್ಲಿ ನಮ್ಮಿಬ್ಬರ ನಡುವೆ ಮಾತು ದಾಟಿಸಬೇಕಾದವಳು ಅವಳೇ.

“ಅಮ್ಮ ಕೇಳ್ತಿದ್ದಾಳೆ, ನಿಮಗೆ ಈ ಹೆಸರು ಯಾರು ಕೊಟ್ಟಿದ್ದು ಅಂತ,” ಅಂದಳು. ಆಮೇಲೆ ದನಿ ತಗ್ಗಿಸಿ, “ನಾನೇ ಕೊಟ್ಟಿದ್ದು. ಹೇಳ್ಲಾ, ಬೇಡ್ವಾ?”

ಅವರಲ್ಲಿ ಮಗು ಹುಟ್ಟಿದ ಮೇಲೆ ಹೆಂಗಸನ್ನು ಅವಳ ಹೆಸರಿನಿಂದ ಯಾರೂ ಕರೆಯುವುದಿಲ್ಲ, ಮೊದಲ ಮಗುವಿನ ಹೆಸರೇ ಅವಳ ಹೆಸರು. ಇಂಥವಳ ತಾಯಿ, ಇಂಥವಳ ತಂದೆ. ಒಂದು ಮಗುವಿಗೆ ಅಂಥ ಒಬ್ಬಳೇ. ಇದು ಆ ಮೆಟ್ಟಿಲ ಮೇಲೆ, ಒಂಬತ್ತು ವರ್ಷದವಳ ಬಾಯಲ್ಲಿ ತುಂಡು ತುಂಡಾಗಿ ನನಗೆ ತಿಳಿಯಿತು. ನನ್ನ ಅಜ್ಜಿಯನ್ನೂ ಊರೆಲ್ಲ ದೊಡ್ಡ ಮಗನ ಹೆಸರು ಹಿಡಿದು ‘ಇಂಥವನ ಅವ್ವ’ ಅಂತಲೇ ಕರೆಯುತ್ತಿದ್ದದ್ದು. ಹೆಂಗಸರ ಹೆಸರನ್ನು ಮಕ್ಕಳು ನುಂಗುತ್ತಾರೆ ಎಂದು ಆ ಅಜ್ಜಿಯನ್ನೇ ಉದಾಹರಣೆ ಕೊಟ್ಟು ಭಾಷಣ ಮಾಡಿ ನಾನು ಬಹುಮಾನ ತಂದಿದ್ದೆ. ಆ ಭಾಷಣದ ಒಂದು ಸಾಲೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ಬ್ಯಾಂಕಾಕಿನಲ್ಲಿ ಯಜಮಾನಿ ತನಗೆ ಸುಲಭವಾಗಲಿ ಎಂದು ಇಟ್ಟ ಯಾವುದೋ ಅಡ್ಡಹೆಸರಿನಲ್ಲಿ ಇವಳು ವರ್ಷವಿಡೀ ದುಡಿಯುತ್ತಾಳಂತೆ. ತನ್ನ ಹೆಸರು ಕೇಳಿಸಿಕೊಳ್ಳುವುದು ಈ ಓಣಿಯಲ್ಲಿ, ರಜೆಯ ಹತ್ತು ದಿನ.

“ನನಗೆ ಅರ್ಥ ಗೊತ್ತಿರ್ಲಿಲ್ಲ ಅಂತ ಹೇಳು,” ಅಂದೆ. ಅರ್ಧ ಸುಳ್ಳು.

ಹುಡುಗಿ ಏನು ಹೇಳಿದಳೋ ಗೊತ್ತಿಲ್ಲ. ಅವಳಮ್ಮ ನಕ್ಕಳು, ನಗುತ್ತಲೇ ಮಗಳ ಅಂಗಿಯ ಒದ್ದೆ ತೋಳನ್ನು ಮೇಲಕ್ಕೆ ಮಡಚಿದಳು, ಎರಡೂ ತೋಳನ್ನು, ಬಹಳ ಹೊತ್ತು ಹಿಡಿಯಿತು. ಚೀಲದಿಂದ ಒಂದು ಬಿಸ್ಕೆಟ್ ಡಬ್ಬ ತೆಗೆದು ನನ್ನ ಕೈಗೆ ಕೊಟ್ಟು, ಸ್ವಲ್ಪ ತಲೆ ಬಾಗಿಸಿ ಹೋದಳು. ಬೈದಿದ್ದರೆ ನನಗೆ ಉತ್ತರ ಹೊಳೆಯುತ್ತಿತ್ತು.

ಅವತ್ತು ಸಂಜೆ ಮಕ್ಕಳನ್ನೆಲ್ಲ ಸೇರಿಸಿ, ನನ್ನ ಕಡೆ ಬೆರಳು ತೋರಿಸಿ ಬೇಡ ಎಂದೆ, ಪಕ್ಕದ ಮನೆ ಕಡೆ ತೋರಿಸಿ ಅಲ್ಲಿ ಎಂದೆ. ತಕ್ಷಣ ಅರ್ಥ ಮಾಡಿಕೊಂಡವು. ಇವನು ಬಂದಾಗ, “ನೀನೂ ಹೇಳಿಬಿಡು ಅವಕ್ಕೆ, ನಿನ್ನನ್ನೂ ಹಾಗೆ ಕರೀಬಾರದು. ಅದರ ಅರ್ಥ ಏನ್ ಗೊತ್ತಾ?” ಅಂದೆ.

“ಗೊತ್ತೈತಿ,” ಅಂದ, ಶೂ ಬಿಚ್ಚುತ್ತಾ.

“ಯಾವಾಗಿಂದ?”

“ಮೊದಲಿಂದನೂ. ಫ್ಯಾಕ್ಟರ್ಯಾಗ ಎಲ್ಲಾರೂ ಮಕ್ಕಳ ಹೆಸರಿಲೇನ ಕರಿಸ್ಕೋತಾರಲ್ಲ.”

“ಒಂದು ವರ್ಷ! ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರ ನೀ ನಿಲ್ಲಸ್ತಿದ್ದಿ.”

ಇನ್ನೊಂದು ಶೂ ಬಿಚ್ಚಿ, ಎರಡನ್ನೂ ಜೋಡಿಸಿಟ್ಟು, ಸ್ನಾನಕ್ಕೆ ಹೋದ.

ಹತ್ತು ದಿನದ ಮೇಲೆ ಅವಳು ಬ್ಯಾಂಕಾಕಿಗೆ ವಾಪಸು ಹೋದಳು. ಮಗಳು ಇಲ್ಲೇ ಉಳಿದಳು, ಮೇಜಿನ ಕೆಳಗೂ ಬಂದಳು, ಆದರೆ ಕಾಲಿಗೆ ಒರಗುತ್ತಿರಲಿಲ್ಲ. ನಮ್ಮ ಕೊನೆಯ ತಿಂಗಳುಗಳಲ್ಲಿ ಮಕ್ಕಳು ನಮ್ಮನ್ನು ಯಾವ ಹೆಸರಿನಲ್ಲೂ ಕೂಗಲಿಲ್ಲ. ಬೇಕಾದಾಗ ಬಟ್ಟೆ ಜಗ್ಗುತ್ತಿದ್ದವು. ನಾನು ಹೇಳಿದ್ದನ್ನು ಅಷ್ಟು ಚೊಕ್ಕವಾಗಿ ಯಾರೂ ಪಾಲಿಸಿದ್ದಿಲ್ಲ. ಇವನು ಮಾತ್ರ ಓಣಿಯ ತಿರುವಿನಲ್ಲಿ ಅಭ್ಯಾಸಬಲದಿಂದ ಎಂಜಿನ್ ಆಫ್ ಮಾಡುತ್ತಿದ್ದ. ಯಾರೂ ಕೂಗುತ್ತಿರಲಿಲ್ಲ. ಒಂದು ಕ್ಷಣ ನಿಂತು, ಖಾಲಿ ಬೈಕನ್ನೇ ತಳ್ಳಿಕೊಂಡು ಬರುತ್ತಿದ್ದ. ಮೆಟ್ಟಿಲ ಮೇಲಿಂದ ನಾನು ನೋಡುತ್ತಿದ್ದೆ.

ಈಗ ಯಲಹಂಕದಲ್ಲಿ ಬಾಡಿಗೆ ಫ್ಲಾಟು. ಹೋದ ಭಾನುವಾರ ಮತ್ತಿಕೆರೆಯಲ್ಲಿ ಇನ್ನೊಂದು ನಾಮಕರಣ, ಅಮ್ಮನ ಅದೇ ಕಥೆ. ಹುಣಸಮಾರನಹಳ್ಳಿಯ ದೊಡ್ಡಮ್ಮ ಬಂದಿದ್ದಳು. ತಾಂಬೂಲ ಕೊಡುವ ಗದ್ದಲದಲ್ಲಿ ನನ್ನನ್ನು ಮೂಲೆಗೆ ಎಳೆದುಕೊಂಡಳು.

“ಯಾಕವ್ವ ಇಂಗೆ? ಬ್ಯಾಡ್ವಂತಾ?”

“ಮದುವೆಗೆ ಮುಂಚೇನೇ ಮಾತಾಡ್ಕೊಂಡಿದ್ದೀವಿ ದೊಡ್ಡಮ್ಮ.”

“ಮಾತಾಡ್ಕೊಂಡ್ರಾ, ನೀನ್ ಮಾತಾಡ್ದ್ಯಾ?”

“ಅವನೂ ಒಪ್ಪಿದ್ದಾನೆ.”

“ಒಪ್ಪೋದ್ ಬ್ಯಾರೆ ಕಣವ್ವ. ನೀನ್ ಏಳ್ದೆ, ಅವ್ನು ಊಂ ಅಂದ. ಅವ್ನುನ್ನ ಕೇಳಿದ್ಯಾ?”

ದೊಡ್ಡಮ್ಮನಿಗೆ ಹೇಳಲು ನನ್ನ ಹತ್ತಿರ ನಾಲ್ಕು ಉತ್ತರಗಳಿದ್ದವು. ತಾಂಬೂಲದ ತಟ್ಟೆ ಎತ್ತಿಕೊಂಡು ಹೊರಟೆ. ನನ್ನ ನಿಲುವು ಬದಲಾಗಿಲ್ಲ, ಈಗಲೂ ನನಗೆ ಮಗು ಬೇಡ. ಆದರೆ ಆ ಓಣಿಯ ತಿರುವಿನಿಂದ ಬೈಕು ತಳ್ಳಿಕೊಂಡು ಬರುತ್ತಿದ್ದವನಿಗೆ ಏನು ಬೇಕಿತ್ತು ಎಂಬುದು ನನ್ನ ವಾದದಲ್ಲಿ ಎಲ್ಲಿಯೂ ಇರಲಿಲ್ಲ.

ವಾಪಸು ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ನಿಂತುಬಿಟ್ಟಿದ್ದವು. ಇವನು ಸ್ಕೂಟರ್ ಆಫ್ ಮಾಡಿ ಕಾಲೂರಿ ಕೂತ. ಹಿಂದೆ ಕೂತವಳಿಗೆ ಮುಖ ಕಾಣುವುದಿಲ್ಲ, ಹೆಲ್ಮೆಟ್ಟಿನ ಹಿಂಭಾಗ ಮಾತ್ರ. ಬಾಯಿ ತೆರೆದಾಗ ಎಂದಿನಂತೆ ಪೀಠಿಕೆಯೇ ಬಂತು. ಅದನ್ನು ನುಂಗಿಕೊಂಡೆ.

“ಕೇಳಿಸ್ತಿದೆಯಾ?” ಅಂದೆ. ಇವನು ತಲೆಯಾಡಿಸಿದ.

“ನಿನಗೆ ಮಗು ಬೇಕಾ?”